ಮನಿಮೋಟಾರು ಕಳುವಾದ ರವಿವಾರ

೧೯೩೭ನೆಯ ಇಸವಿ ಜನವರಿ ೧೭, ರವಿವಾರ. ಆ ಬೆಳಗ್ಗೆ ಉಣಕಲ್ ಕೆರೆಯ ಮೇಲೆ ಮಂಜು ಇಳಿದು ಕೂತಿತ್ತು. ಸಂಕ್ರಮಣ ಕಳೆದು ಮೂರು ದಿನವಾದರೂ ಚಳಿ ಸೀಮೆ ಬಿಟ್ಟಿರಲಿಲ್ಲ. ಏಳು ಗಂಟೆಗೆ ಕೂಡ ಸೂರ್ಯನ ಸುಳಿವಿಲ್ಲ. ಹತ್ತು ಮಾರು ಆಚೆ ನಿಂತ ಎತ್ತು ಬರೀ ಕೊರಳಗಂಟೆಯ ದನಿಯಾಗಿತ್ತು. ದೇವರು ಲೋಕವನ್ನು ಇನ್ನೂ ಹೊದಿಕೆಯಿಂದ ಹೊರಗೆ ತೆಗೆದಿಲ್ಲವೇನೋ ಎಂಬಂತೆ ಎಲ್ಲವೂ ಬೆಳ್ಳಗೆ, ಸುಮ್ಮನೆ ಇತ್ತು.

ಕೆರೆಯಿಂದ ಅಮರಗೋಳದ ಕಡೆಗೆ ಹೋಗುವ ಬಯಲಿನಲ್ಲಿ ಎರಡು ದಿನದ ಮೋಟಾರು ಶರ್ಯತ್ತು ನಡೆದಿತ್ತು. ಬೆಳಗಾವಿ, ಕೊಲ್ಲಾಪುರ, ಪುಣೆಯಿಂದ ಬಂದವರು ಅಲ್ಲಿಯೇ ಡೇರೆ ಹೊಡೆದಿದ್ದರು. ಏಳಕ್ಕೆ ಬಿಡಬೇಕಾದ ಮೊದಲ ಗಾಡಿ ಮಂಜಿನಿಂದಾಗಿ ಗೆರೆಯ ಮೇಲೆಯೇ ನಿಂತಿತ್ತು.

ಹುಬ್ಬಳ್ಳಿಯ ತಾಲೂಕು ಠಾಣೆಯಲ್ಲಿ ಫೌಜದಾರ ಗುರುಪಾದಪ್ಪ ಹಂಚಿನಮನಿಯವರು ಆಗಷ್ಟೇ ಬಂದು ಕುಳಿತಿದ್ದರು. ಐವತ್ತರ ಆಸುಪಾಸಿನ ಮನುಷ್ಯ. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ಎಂಟು ಗಂಟೆ ಹತ್ತು ನಿಮಿಷಕ್ಕೆ, ಯಾರದೋ ಸೈಕಲ್ಲು ತುಳಿದುಕೊಂಡು, ಕೊರಳಲ್ಲಿ ವೇಳೆ ಹಿಡಿಯುವ ಗಡಿಯಾರ ತೂಗುಹಾಕಿಕೊಂಡ ವಯಸ್ಸಾದ ಒಬ್ಬ ಗೃಹಸ್ಥ ಒಳಗೆ ಬಂದ.

"ನನ್ನ ಮನಿ ಕಳುವಾಗೇದ್ರಿ."

ಫೌಜದಾರರು ಟಾಕು ಮಸಿಯಲ್ಲಿ ಅದ್ದಿದರು. "ಮನ್ಯಾಗಿಂದ ಏನೇನ್ ಹೋಗೈತ್ರಿ?"

"ಮನ್ಯಾಗಿಂದ ಅಲ್ರಿ. ಮನೀನ ಹೋಗೇದ."

ಬಾಗಿಲಲ್ಲಿ ನಿಂತಿದ್ದ ಪೊಲೀಸ ಮಕಬೂಲಸಾಬನಿಗೆ ತಡೆಯಲಾಗಲಿಲ್ಲ. "ಗ್ವಾಡಿ ಸುದ್ದಾ ಏನ್ರಿ?"

"ಗ್ವಾಡಿ, ಕಿಡಕಿ, ಒಲಿ, ಮಂಚ, ಎಲ್ಲಾ ಸುದ್ದಾ. ನಾಲ್ಕು ಗಾಲಿ ಮ್ಯಾಲೆ ಇತ್ತು."

ಬಂದವರು ಧಾರವಾಡದ ವೆಂಕಣ್ಣ, ಲೋಕೋಪಯೋಗಿ ಖಾತೆಯ ನಿವೃತ್ತ ಓವರ್‌ಸಿಯರ್. ಅವರ ಹೆಂಡತಿ ಕಾಶೀಬಾಯಿ ಪರರ ಕೈಯಡಿಗೆ ಉಣ್ಣುವವರಲ್ಲ, ಮನೆದೇವರನ್ನು ಒಂದು ದಿನವೂ ಪೂಜೆಯಿಲ್ಲದೆ ಬಿಟ್ಟವರಲ್ಲ. ಹೀಗಾಗಿ ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಪಂಢರಪುರ ಕಂಡಿರಲಿಲ್ಲ. ಪಿಂಚಣಿಯಾದ ಮೇಲೆ ವೆಂಕಣ್ಣ ಹಳೆಯ ಬಸ್ಸೊಂದರ ಅಡಿಗಟ್ಟು ಕೊಂಡು, ಅದರ ಮೇಲೆ ಮರದ ಮನೆ ಕಟ್ಟಿಸಿದರು. ಜನ ಅದಕ್ಕೆ ಮನಿಮೋಟಾರು ಎಂದರು. ಮೊನ್ನೆ ಶುಕ್ರವಾರ ಪಂಢರಪುರಕ್ಕೆ ಎಂದು ಹೊರಟದ್ದು. ಆದರೆ ವೆಂಕಣ್ಣನವರಿಗೆ ಮೋಟಾರಿನ ಹುಚ್ಚು. ಶರ್ಯತ್ತಿನಲ್ಲಿ ವೇಳೆ ಹಿಡಿಯುವ ಕೆಲಸ ಒಪ್ಪಿಕೊಂಡು, ಗಾಡಿಯನ್ನು ಎರಡು ದಿನ ಇಲ್ಲಿಯೇ ನಿಲ್ಲಿಸಿದ್ದರು.

"ನೀವು ಎಲ್ಲಿದ್ರಿ?"

"ಗೆರೀ ಹತ್ರ."

"ಮನ್ಯಾನವರು?"

"ಕೆರೀಗೆ. ಮಡಿ ನೀರು ತರಲಿಕ್ಕೆ. ಏಳೂಕಾಲಕ್ಕ ಹೋದಳು, ಏಳೂಮುಕ್ಕಾಲಕ್ಕ ತಿರುಗಿ ಬಂದಳು. ಗಾಡಿ ಇದ್ದಿಲ್ಲ."

"ಒಳಗ ಏನಿತ್ತು?"

"ದೇವರು ಅದಾವ್ರಿ."

ಫೌಜದಾರರ ಟಾಕು ನಿಂತಿತು. ಮುಂದಿನ ಪ್ರಶ್ನೆ ಯಾವ ನಮೂನೆಯಲ್ಲೂ ಇರಲಿಲ್ಲ. "ಪೂಜಿ ಆಗಿತ್ತೇನ್ರಿ?"

"ಇಲ್ಲ." ವೆಂಕಣ್ಣನವರ ದನಿ ಅಲ್ಲಿ ಕುಸಿಯಿತು. "ದಿನಾ ಆರಕ್ಕ ಮುಗೀತದ. ಇವತ್ತ ಮಂಜಿನಾಗ ಕೆರೀ ದಂಡಿ ಕಾಣಲಿಲ್ಲ ಅಂತ ತಡಾ ಆತು. ದೇವರು ಸಿಗೂ ತನಕ ನೀರು ಮುಟ್ಟಂಗಿಲ್ಲ ಅಂತ ಕೂತಾಳ್ರಿ. ಹ್ವಾದ ವರ್ಷ ಎದಿನೋವು ಬಂದು ಉಳಿದಾಕಿ. ಬಿಸಲು ಏರಿದ್ರ ನನಗ ಹೆದರಕಿ."

ಗುರುಪಾದಪ್ಪನವರೂ ಲಿಂಗಪೂಜೆಯಿಲ್ಲದೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಎಂಟೂವರೆಗೆ ಎಫ್.ಐ.ಆರ್. ದಾಖಲಾಯಿತು. ಕಲಂ ೩೭೯, ಕಳವು. ಕಳುವಾದ ಮಾಲು ಎಂಬ ಕಡೆ ಮೊದಲು 'ದೇವರು' ಎಂದು ಬರೆದು, ಆಮೇಲೆ 'ಮೋಟಾರು, ಒಂದು' ಎಂದು ಬರೆದರು.

ಒಂಬತ್ತು ಗಂಟೆಗೆ ಸ್ಥಳಕ್ಕೆ ಬಂದರು. ಪಕ್ಕದ ಡೇರೆಯ ಇಬ್ಬರು ಪಂಚರಾಗಿ ನಿಂತರು. ಮಂಜು ತೆಳ್ಳಗಾಗತೊಡಗಿತ್ತು. ಹುಲ್ಲಿನ ಮೇಲೆ ಗಾಲಿಯ ಜಾಡು ರಸ್ತೆಯ ತನಕ ಹೋಗಿ, ಹುಬ್ಬಳ್ಳಿಯ ಕಡೆಗೆ ಹೊರಳಿತ್ತು. ಕಾಶೀಬಾಯಿ ಒಂದು ಕಲ್ಲಿನ ಮೇಲೆ, ಒದ್ದೆ ಸೀರೆಯಲ್ಲಿ, ತಾಮ್ರದ ಕೊಡ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೊಡ ನೆಲಕ್ಕೆ ತಾಗಿದರೆ ಮಡಿ ಕೆಡುತ್ತದೆ.

"ಇಲ್ಲಿ ನೋಡ್ರಿ ಸಾಹೇಬರ," ಎಂದ ಮಕಬೂಲಸಾಬ.

ಮನಿಮೋಟಾರಿನ ಮೆಟ್ಟಿಲು ಇದ್ದ ಜಾಗದಲ್ಲಿ ಒಂದು ಜೊತೆ ಚಪ್ಪಲಿ ಇದ್ದವು. ಚೆಲ್ಲಾಪಿಲ್ಲಿಯಾಗಿ ಬಿದ್ದಿರಲಿಲ್ಲ. ಒಂದರ ಪಕ್ಕ ಒಂದು, ಮೂತಿ ಮೆಟ್ಟಿಲ ಕಡೆಗೆ, ಅಚ್ಚುಕಟ್ಟಾಗಿ ಬಿಟ್ಟಿದ್ದವು.

"ನಿಮ್ಮವೇನ್ರಿ?"

"ಅಲ್ರಿ," ಎಂದರು ವೆಂಕಣ್ಣ.

"ಗುಡಿಗೆ ಹ್ವಾದ್ರ ನಮ್ಮ ಜೋಡು ಹೋಗ್ತಾವ," ಎಂದ ಮಕಬೂಲಸಾಬ. "ಇಲ್ಲಿ ಗುಡೀನ ಹೋಗೈತಿ, ಜೋಡು ಉಳದಾವ."

"ನಗಬ್ಯಾಡ," ಎಂದರು ಫೌಜದಾರರು. ಅವರ ಮೀಸೆಯೂ ಸ್ವಲ್ಪ ಅಲ್ಲಾಡಿತ್ತು. ಕುಕ್ಕರುಗಾಲಲ್ಲಿ ಕುಳಿತು ಚಪ್ಪಲಿಗಳನ್ನು ತಿರುಗಿಸಿ ನೋಡಿದರು. ಎಡಗಾಲಿನದಕ್ಕೆ ಹೆಬ್ಬೆರಳು ತೂರಿಸುವ ಉಂಗುರವಿತ್ತು. ಬಲಗಾಲಿನದಕ್ಕೆ ಅದಿಲ್ಲ. ಬದಲಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಹೊಲಿದಿತ್ತು. ಹೊಲಿಗೆಯ ಸಂದಿಯಲ್ಲಿ ಸಾಗವಾನಿಯ ಹೊಟ್ಟು.

"ಬಲಗಾಲಿಗೆ ಹೆಬ್ಬಟ್ಟಿಲ್ಲದಂವ," ಎಂದರು.

"ಬಡಿಗ್ಯಾವ ಇರಬೇಕ್ರಿ. ಬಾಚೀಲೆ ಕೆತ್ತೋವಾಗ ಕಟಿಗಿ ಕಾಲಾಗ ಒತ್ತಿ ಹಿಡೀತಾರ. ಬಾಚಿ ಜಾರಿತಂದ್ರ ಬಟ್ಟು ಹೋತು. ನಮ್ಮ ಓಣ್ಯಾಗ ಹತ್ತೂ ಬಟ್ಟಿದ್ದ ಬಡಿಗ್ಯಾರು ಕಮ್ಮಿ."

ಫೌಜದಾರರು ಎದ್ದು ವೆಂಕಣ್ಣನವರ ಕಡೆ ತಿರುಗಿದರು. "ಈ ಗಾಡಿಗೆ ಮನಿ ಕಟ್ಟಿದವರು ಯಾರ್ರಿ?"

ವೆಂಕಣ್ಣ ಚಪ್ಪಲಿಯ ಕಡೆ ಮತ್ತೊಮ್ಮೆ ನೋಡಿದರು. "ದಸ್ತಗೀರಸಾಬ. ಹಳೇಹುಬ್ಬಳ್ಳಿಯಾಂವ. ನಾಕು ತಿಂಗಳು ನಮ್ಮ ಅಂಗಳದಾಗ ಕೆಲಸಾ ಮಾಡ್ಯಾನ, ಗಾಡಿ ಹೊಡೀಲಿಕ್ಕೂ ಅಲ್ಲೇ ಕಲ್ತಾನ. ಅಂವ ಕಳ್ಳ ಅಲ್ರಿ."

"ನಾ ಕೇಳಿದ್ದು ಅದನ್ನಲ್ಲ. ಬಲಗಾಲಿನ ಹೆಬ್ಬಟ್ಟು?"

"...ಇಲ್ಲ."

ಕಾಶೀಬಾಯಿ ತಲೆ ಎತ್ತಿದರು. "ನಿನ್ನೆ ಸಂಜೀಕ ಬಂದಿದ್ದ. ಡೇರೆದ ಹೆಣ್ಮಕ್ಕಳಿಗೆ ಗಾಡಿ ತೋರಸ್ಲಿಕತ್ತಿದ್ದೆ. ಏನೋ ಕೇಳಬೇಕಂತ ನಿಂತಾಂವ, ಕೇಳದ ಹೋದ." ಆಮೇಲೆ ತಮಗೆ ತಾವೇ ಎಂಬಂತೆ ಅಂದರು: "ಮಂಚ ಇಳಿಸಿದ್ರ ದೇವರ ಬಾಗಲಾ ಮುಚ್ಚತದ. ಕತ್ತಲಾಗ ಅದಾವೇನೋ."

ಅದು ದಸ್ತಗೀರಸಾಬನದೇ ಯುಕ್ತಿ. ಒಳಗೆ ಇದ್ದ ಜಾಗ ಸಣ್ಣದು. ಹಗಲು ಮಂಚವನ್ನು ಗೋಡೆಗೆ ಮಡಚಿ ನಿಲ್ಲಿಸಿದರೆ ದೇವರ ಗೂಡಿನ ಬಾಗಿಲು ತೆರೆಯಬಹುದು. ರಾತ್ರಿ ಮಂಚ ಇಳಿಸಿದರೆ ಅದು ಬಾಗಿಲಿಗೆ ಅಡ್ಡ ಬಂದು ದೇವರೂ ಮಲಗಿದಂತೆ. ಮಂಚ ಏಳದೆ ಪೂಜೆಯಿಲ್ಲ.

ಠಾಣೆಯಲ್ಲಿ ಇದ್ದದ್ದು ಎರಡು ಸೈಕಲ್ಲು. ಕೊಲ್ಲಾಪುರದವರೊಬ್ಬರು ತಮ್ಮ ಶರ್ಯತ್ತಿನ ಗಾಡಿ ಕೊಟ್ಟರು. ಮೇಲೆ ಹೊದಿಕೆಯಿಲ್ಲ, ಮೂತಿಯ ಮೇಲೆ ಏಳು ಎಂದು ದೊಡ್ಡದಾಗಿ ಬರೆದದ್ದು. ವೆಂಕಣ್ಣ ಚಕ್ರ ಹಿಡಿದರು. ಕಾಶೀಬಾಯಿ ಕೊಡದೊಡನೆ ಮುಂದೆ ಕೂತರು. ಹಿಂದೆ ಫೌಜದಾರರು, ರುಮಾಲು ಎರಡೂ ಕೈಯಿಂದ ಹಿಡಿದುಕೊಂಡ ಮಕಬೂಲಸಾಬ. ಕೊಡದ ನೀರು ತುಳುಕಿದಾಗೆಲ್ಲ ವೆಂಕಣ್ಣ ಗತಿ ಇಳಿಸುತ್ತಿದ್ದರು. ಶರ್ಯತ್ತಿನ ಆ ಗಾಡಿ ಅಷ್ಟು ಮೆಲ್ಲಗೆ ಹಿಂದೆಂದೂ ಓಡಿರಲಿಲ್ಲ.

ಒಂಬತ್ತು ಐವತ್ತೈದಕ್ಕೆ ಹಳೇಹುಬ್ಬಳ್ಳಿ. ದಸ್ತಗೀರಸಾಬನ ಬಾಗಿಲಿಗೆ ಕೀಲಿ ಬಿದ್ದಿತ್ತು. ಮಗ್ಗುಲ ಮನೆಯ ಚಾಂದಬಿ ಕಟ್ಟೆಗೆ ಬಂದಳು.

"ಎಲ್ಲಿಗೆ ಹೋಗ್ಯಾನವ್ವಾ?"

"ಅವ್ವನ್ನ ಕರ್ಕೊಂಡು ಹೋದಾರಿ, ಎಂಟೂಕಾಲಕ್ಕ. ಅಷ್ಟು ದೊಡ್ಡ ಗಾಡಿ ನಮ್ಮ ಓಣ್ಯಾಗ ಎಂದೂ ಬಂದಿದ್ದಿಲ್ಲ ಬಿಡ್ರಿ. ನಾವ ಹೆಣ್ಮಕ್ಕಳು ಎತ್ತಿ ಒಳಗ ಮಲಗಿಸಿದ್ವಿ. ಖಾತುನಬಿ ಅಕ್ಕಾಗ ಎಷ್ಟ್ ಖುಷಿ! ಮಲಕೊಂಡ ಕೈ ಬೀಸಿದಳು."

"ಮಲಕೊಂಡ ಯಾಕ?"

"ಏಳಾಕ ಎಲ್ಲಿ ಬರತೈತ್ರಿ ಅಕಿಗೆ? ಮೂರು ವರ್ಷಾತು, ಬಿದ್ದು ಟೊಂಕದ ಎಲವು ಮುರದು. ಧಾರವಾಡದ ಆಚೆ ಮುಗದ ಊರಾಗ ತಂಗಿ ಅದಾಳು, ರೆಹಮತ್‌ಬಿ. ಸಾಯೂದರಾಗ ಒಮ್ಮಿ ಅಕಿ ಮಾರಿ ನೋಡಬೇಕು, ಅಕಿಗೆ ಏನೋ ಕೊಡೂದೈತಿ, ನನ್ನ ಕೈಯಾರ ಕೊಡಬೇಕು, ಇದ ಜಪ. ಚಕ್ಕಡ್ಯಾಗ ಒಯ್ದು ನೋಡಿದ್ರು. ಎರಡು ಹರದಾರಿ ಹೋಗೂದರಾಗ ಜೀವ ಬಾಯಿಗೆ ಬಂದು ತಿರುಗಿಸಿಕೊಂಡು ಬಂದ್ರು. ಎತ್ತಿ ರೈಲಿನಾಗ ಹಾಕಾಕ ಗಂಡಸರಿಗೆ ಮೈ ಮುಟ್ಟಗೊಡಂಗಿಲ್ಲ. ಮಗಾ ಒಬ್ಬಾಂವ, ಸೊಸಿ ತೀರಿಕೊಂಡಾಳ." ಚಾಂದಬಿ ಫೌಜದಾರರ ಅಂಗಿಯ ಗುಂಡಿಗಳನ್ನು ಈಗ ಸರಿಯಾಗಿ ನೋಡಿದಳು. "ಯಾಕ್ರಿ, ಗಾಡಿ ಬಾಡಗೀದಲ್ಲೇನು?"

ವೆಂಕಣ್ಣ ಆಗಲೇ ಗಾಡಿಯನ್ನು ಧಾರವಾಡದ ದಾರಿಗೆ ಹೊರಳಿಸುತ್ತಿದ್ದರು.

ಗಾಡಿ ಮತ್ತೆ ಉಣಕಲ್ ದಾಟುವಾಗ ಕಾಶೀಬಾಯಿ ಮೆಲ್ಲಗೆ ಅಂದರು: "ಎಂಟೂಮುಕ್ಕಾಲಕ್ಕ ಈ ರಸ್ತೆದ ಮ್ಯಾಲೆ ನಮ್ಮ ಗಾಡಿ ಸಪ್ಪಳ ಕೇಳಿದ್ದೆ. ಮಂಜಿನಾಗ. ಹೇಳಿದ್ರ ಮಂದಿ ನನಗ ಭ್ರಮಾ ಆಗೇದ ಅಂದ್ರು."

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಧಾರವಾಡದ ಸುಂಕದ ನಾಕೆ. ಗುಮಾಸ್ತ ದತ್ತು ವಹಿ ತೆರೆದು ತೋರಿಸಿದ. ಒಂಬತ್ತೂ ಇಪ್ಪತ್ತಕ್ಕೆ 'ಕಿಡಕಿ ಪರದೆ ಇರುವ ಮರದ ಮನೆ, ಮೋಟಾರಿನ ಮೇಲೆ. ಒಳಗೆ ರೋಗಿ' ಎಂದು ಬರೆದಿತ್ತು.

"ಹೊಡದಾಂವ ಹ್ಯಾಂಗಿದ್ದ?"

"ಬರಿಗಾಲಾಗ ಇದ್ದಾರಿ. ಮುಗದದ ದಾರಿ ನಡುವ ತಗ್ಗು ಭಾಳ ಅದಾವೇನು ಅಂತ ಮೂರು ಸರತೆ ಕೇಳಿದ."

ಬಿಸಿಲು ಈಗ ಚುರುಗುಟ್ಟುತ್ತಿತ್ತು. ಕಾಶೀಬಾಯಿಯ ತುಟಿ ಒಣಗಿದ್ದವು. ವೆಂಕಣ್ಣ ಪಕ್ಕಕ್ಕೆ ನೋಡದೆ ಅಂದರು, "ಒಂದು ಗುಟುಕು... ಕೊಡದಾಗ ಅದಲಾ." ಆಕೆ ಕೊಡದ ಬಾಯಿಗೆ ಅಂಗೈ ಮುಚ್ಚಿ, "ರಸ್ತೆ ನೋಡಿ ಹೊಡೀರಿ," ಎಂದರು.

ಮುಗದದ ಅಗಸಿಯ ಹೊರಗೆ, ಹುಣಸೆಮರದ ನೆರಳಿನಲ್ಲಿ, ಮನಿಮೋಟಾರು ನಿಂತಿತ್ತು. ಅಗಸಿಯ ಕಮಾನು ತಗ್ಗು, ಗಾಡಿಯ ಮಾಳಿಗೆ ಎತ್ತರ. ಊರೊಳಗೆ ಹೋಗಲಾಗಿರಲಿಲ್ಲ. ವೇಳೆ ಹನ್ನೆರಡಕ್ಕೆ ಹತ್ತು ನಿಮಿಷ. ಮರದ ಬೇರಿನ ಮೇಲೆ ಕೂತಿದ್ದ ಬರಿಗಾಲಿನ ಮನುಷ್ಯ ಎದ್ದು ನಿಂತು ಕೈ ಮುಗಿದ. ಓಡಲು ನೋಡಲಿಲ್ಲ.

"ಹೆಸರು?"

"ದಸ್ತಗೀರಸಾಬ ಬಡಿಗೇರ್ರಿ."

"ಗಾಡಿ ನೀ ತಂದೀ?"

"ಹೌದ್ರಿ."

"ಕೇಳಿ ತಂದ್ಯೋ?"

"ಇಲ್ರಿ."

"ಯಾಕ ಕೇಳಲಿಲ್ಲ?"

ಅವನು ಕಾಶೀಬಾಯಿಯ ಕಡೆ ನೋಡಿ ಕಣ್ಣು ತಗ್ಗಿಸಿದ. "ಕೇಳಾಕ ಬಂದಿದ್ನಿರಿ, ನಿನ್ನಿ ಸಂಜೀಕ. ಅಕ್ಕಾರು ಹೇಳಾಕತ್ತಿದ್ರು, ಈ ಮಂಚದ ಮ್ಯಾಲ ಹೊರಗಿನವರು ಯಾರೂ ಕುಂತಿಲ್ಲ, ಇದು ದೇವರ ಮನಿ ಅಂತ. ಅದೂ ಖರೇನ. ನಾನ ಕಟ್ಟೇನಿ, ನನಗ ಗೊತ್ತಿಲ್ಲೇನ್ರಿ? ಕೇಳಿದ್ರ ಇಲ್ಲ ಅಂತಿದ್ರು. ಇಲ್ಲ ಅಂದ ಮ್ಯಾಲ ಒಯ್ದ್ರ ಕಳವಾಕ್ಕೈತಿ."

"ಕೇಳದ ಒಯ್ದ್ರ?"

ಅವನು ಯೋಚಿಸಿದ. "ಅದೂ ಅದನ ಬಿಡ್ರಿ."

"ಪೂಜಿ ಆಗಿಲ್ಲಂತ ಗೊತ್ತಿತ್ತೇನು?"

ದಸ್ತಗೀರಸಾಬನ ಮುಖ ಸುಣ್ಣವಾಯಿತು. "ಆಗಿಲ್ಲೇನ್ರಿ? ಆರಕ್ಕ ಆಗತೈತಲ್ರಿ! ಪೂಜಿ ಆಗೇತಿ, ಶರ್ಯತ್ತು ಮುಗ್ಯೂದರಾಗ ಒಯ್ದು ಹಚ್ಚಿದ್ರಾತು ಅನ್ಕೊಂಡ್ನಿ. ಅಲ್ಲಾನ ಆಣಿ, ಗೊತ್ತಿದ್ರ ಗಾಡಿ ಮುಟ್ಟತಿರಲಿಲ್ಲ."

"ಜೋಡು ಯಾಕ ಬಿಟ್ಟು ಬಂದೀ?"

ಆಗಲೇ ಅವನು ತನ್ನ ಕಾಲು ನೋಡಿಕೊಂಡದ್ದು. ಮುಳ್ಳು ತಾಗಿ ರಕ್ತ ಒಣಗಿತ್ತು. "ಹೌದಲ್ರಿ... ಮನಿ ಒಳಗ ಜೋಡು ಹಾಕ್ಕೊಂಡು ಹ್ಯಾಂಗ ಹೋಗೂದ್ರಿ?"

ಹನ್ನೆರಡು ಐದಕ್ಕೆ ಫೌಜದಾರರು ಅವನ ಹೆಗಲ ಮೇಲೆ ಕೈಯಿಟ್ಟರು. "ದಸ್ತಗೀರಸಾಬ, ನಿನ್ನ ಅಟಕ ಮಾಡೇನಿ."

"ಹೂಂರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ. ಗಾಡಿ ಮಾಲಕರು ಕೊಟ್ಟಾರ ಅಂದೇನಿ."

ಊರ ಪೊಲೀಸಪಾಟೀಲನನ್ನು ಕರೆಸಿ ಪಂಚನಾಮೆಗೆ ಕುಳಿತರು. ವೆಂಕಣ್ಣ ಬಂದು ಪಕ್ಕದಲ್ಲಿ ನಿಂತರು. "ಫಿರ್ಯಾದಿ ಹಿಂದ ತಗೊಳ್ಳಲಿಕ್ಕೆ ಬರತದೇನ್ರಿ?"

"ರಾಜಿಗೆ ಕೋರ್ಟಿನಾಗ ದಾರಿ ಐತ್ರಿ. ಅಲ್ಲೆ ಹೇಳ್ರಿ. ನನ್ನ ಕಾಗದದಾಗ ಇಲ್ಲ," ಎಂದು ಗುರುಪಾದಪ್ಪನವರು ಬರೆಯುತ್ತ ಹೋದರು. ಕೃತ್ಯದ ಕಾರಣ ಎಂಬಲ್ಲಿ ಟಾಕು ಮತ್ತೊಮ್ಮೆ ಮಸಿಯಲ್ಲಿ ಅದ್ದಿ ಬರೆದರು: 'ಮನುಷ್ಯರನ್ನು ಮಲಗಿಸಿಕೊಂಡು ನೋವಾಗದಂತೆ ಒಯ್ಯುವ ಗಾಡಿ ಈ ಸೀಮೆಯಲ್ಲಿ ಇದೊಂದೇ. ಅದನ್ನು ಕಟ್ಟಿದವನು ಆರೋಪಿ. ಅವನ ತಾಯಿಗೆ ಅದರ ಅಗತ್ಯವಿತ್ತು.'

ಕಾಶೀಬಾಯಿ ಮನಿಮೋಟಾರಿನ ಮೆಟ್ಟಿಲ ಬಳಿ ಹೋದರು. ಒಳಗೆ ತಮ್ಮದೇ ಮಂಚದ ಮೇಲೆ, ಸುಕ್ಕುಗಟ್ಟಿದ ಒಂದು ಸಣ್ಣ ದೇಹ ಮಲಗಿತ್ತು. ತಲೆ ದೇವರ ಗೂಡಿನ ಕಡೆಗಿತ್ತು. ಮುದುಕಿ ಕಣ್ಣು ತೆರೆದಳು.

"ನೀವೇನ್ರಿ ಮನಿಯವರು?"

"ಹೌದ್ರಿ."

"ಇಳೀಬೇಕೇನವ್ವಾ ನಾ?"

ಕಾಶೀಬಾಯಿ ಕೊಡವನ್ನು ಟೊಂಕಕ್ಕೆ ಏರಿಸಿಕೊಂಡರು. "ಬ್ಯಾಡ್ರಿ. ಮಲಕೋರಿ. ನಿಮ್ಮ ತಂಗಿ ಬಂದಿದ್ರೇನು?"

"ಬರಲಿಲ್ಲವ್ವಾ. ಮಗಾ ಎರಡು ಸರತೆ ಹೋಗಿ ಕರದ. ಅಕಿ ತಪ್ಪಲ್ಲ."

ಕಾಶೀಬಾಯಿ ಕೊಡವನ್ನು ಗಂಡನ ಕೈಗೆ ಕೊಟ್ಟು, "ನೆಲಕ್ಕ ಇಡಬ್ಯಾಡ್ರಿ," ಎಂದು ಹೇಳಿ ಅಗಸಿಯೊಳಗೆ ನಡೆದರು. ಮನೆ ಕೇಳಿ ತೋರಿಸಲು ಮಕಬೂಲಸಾಬ ಜೊತೆಗೆ ಹೋದ.

ರೆಹಮತ್‌ಬಿ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಬಂದವರನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಅಕ್ಕನ ಪರವಾಗಿ ಬಂದೀರೇನ್ರಿ?"

"ಅಕ್ಕನ ಮಗನ ಮ್ಯಾಲೆ ಫಿರ್ಯಾದಿ ಕೊಟ್ಟ ಮನ್ಯಾಕಿ ನಾನು. ಅಂವ ನಮ್ಮ ಗಾಡಿ ಕದ್ದು ತಂದಾನ. ಅಟಕ ಆಗೇದ."

ಮೊರ ನಿಂತಿತು. "ದಸ್ತಗೀರನೇನ್ರಿ? ಕದ್ದಾನ?"

"ನಿಮ್ಮಕ್ಕನ್ನ ನಿಮ್ಮ ಮುಂದ ತರಲಿಕ್ಕೆ."

ರೆಹಮತ್‌ಬಿ ಸಿಟ್ಟು ಬಿಡಲಿಲ್ಲ. "ಹನ್ನೊಂದು ವರ್ಷಾತ್ರಿ. ನಮ್ಮವ್ವ ಸತ್ತ ನಲವತ್ತನೇ ದಿನ, ಎಲ್ಲಾರ ಮುಂದ, ನನಗ ಕಳ್ಳಿ ಅಂದಾಳ ಅಕಿ. ಅವ್ವನ ತಸಬಿ ಕಾಣಲಿಲ್ಲಂತ. ನನಗ ಕೊಡತೇನಂತ ಅವ್ವ ಬಾಯಿಬಿಟ್ಟು ಹೇಳಿದ್ದ ಜಪಮಣಿ ಅದು. ನನ್ನ ವಸ್ತು ನಾನ ಕದಿಯೂದು ಹ್ಯಾಂಗ್ರಿ?"

"ನನಗ ಅದು ತಿಳೀದು," ಎಂದರು ಕಾಶೀಬಾಯಿ. "ನನಗ ತಿಳಿಯೂದು ಇಷ್ಟ. ಅಕಿ ಮಲಗಿದ ಮಂಚದ ಹಿಂದ ನನ್ನ ದೇವರು ಅದಾವ. ಮಂಚ ಎತ್ತದ ಪೂಜಿ ಇಲ್ಲ. ಗಂಡಸರು ಅಕಿ ಮೈ ಮುಟ್ಟೂಹಂಗಿಲ್ಲ, ಟೊಂಕ ಆಸರಿ ಕೊಟ್ಟು ಹಿಡೀಲಿಕ್ಕೆ ಒಬ್ಬಾಕಿ ಬೇಕು. ಮಾತಾಡಬ್ಯಾಡ್ರಿ ಅಕಿ ಜೋಡಿ. ಬರೇ ಹಿಡೀರಿ."

ರೆಹಮತ್‌ಬಿ ಆಕೆಯ ಒಣಗಿದ ತುಟಿ ನೋಡಿದಳು. ಇನ್ನೂ ಅರೆಹಸಿಯಾಗಿದ್ದ ಸೀರೆಯ ಅಂಚು ನೋಡಿದಳು.

"ನೀರು ಕುಡದೀರೇನ್ರಿ?"

"ಇಲ್ಲ."

"ಮುಂಜಾನಿಂದ?"

"ಇಲ್ಲ."

ರೆಹಮತ್‌ಬಿ ಮೊರ ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನಮ್ಮ ಊರ ಅಗಸ್ಯಾಗ ನೀವು ಉಪಾಸ ಕೂಡೂದು ಛಲೋ ಅಲ್ಲ," ಎಂದು ಎದ್ದಳು.

ಮಕಬೂಲಸಾಬ ಬರುವ ದಾರಿಯಲ್ಲಿ ಯಾರದೋ ಹಿತ್ತಲಿಂದ ಬೊಗಸೆ ತುಂಬ ಸೇವಂತಿಗೆ ಕೇಳಿ ತಂದ. ಹೂವು ನೋಡಿ ಫೌಜದಾರರು, "ಕೇಳಿ ತಂದಿಯಲ್ಲಾ?" ಎಂದರು. "ಖರೇನ ಕೇಳೇನ್ರಿ ಸಾಹೇಬರ. ಒಂದ ದಿನಕ್ಕ ಎರಡು ಕೇಸ್ ಬ್ಯಾಡ," ಎಂದ.

ರೆಹಮತ್‌ಬಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ಅಕ್ಕನ ಮುಖ ನೋಡಲಿಲ್ಲ. ಒಂದು ಕೈ ಬೆನ್ನಿಗೆ, ಒಂದು ಕೈ ಟೊಂಕಕ್ಕೆ ಕೊಟ್ಟು, ಹಸುಗೂಸನ್ನು ಎತ್ತಿದ ಹಾಗೆ ಎತ್ತಿದಳು. ಖಾತುನಬಿ ಹಲ್ಲು ಕಚ್ಚಿದಳು, ಕೂಗಲಿಲ್ಲ. ರೆಹಮತ್‌ಬಿ ನೆಲದ ಮೇಲೆ ಕೂತು ಅಕ್ಕನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೇರೆ ಜಾಗವಿರಲಿಲ್ಲ. ದಸ್ತಗೀರಸಾಬ ಫೌಜದಾರರ ಅಪ್ಪಣೆ ಕೇಳಿ ಒಳಗೆ ಬಂದು, ಮಂಚವನ್ನು ಸಪ್ಪಳವಾಗದಂತೆ ಮಡಚಿ ಗೋಡೆಗೆ ನಿಲ್ಲಿಸಿ, ಹೊರಗೆ ಹೋಗಿ ನಿಂತ. ದೇವರ ಗೂಡಿನ ಬಾಗಿಲು ತೆರೆಯಿತು.

ಕಾಶೀಬಾಯಿ ಒಳಗೆ ಬಂದರು. ಮಡಿಯ ಬಗ್ಗೆ ಆಕೆಗೆ ಏನನಿಸಿತೋ ಯಾರಿಗೂ ಹೇಳಲಿಲ್ಲ. ನೆಲದ ಮೇಲಿದ್ದ ಇಬ್ಬರನ್ನೂ ನೋಡಿ, "ಇರ್ರಿ, ಅಲ್ಲೇ ಇರ್ರಿ," ಎಂದು ಸೆರಗು ಓರೆ ಮಾಡಿಕೊಂಡು ಪಕ್ಕದಲ್ಲೇ ಕೂತರು. ಕೊಡದಲ್ಲಿ ಅರ್ಧದಷ್ಟು ನೀರು ಉಳಿದಿತ್ತು. ಅದು ಸಾಕಾಯಿತು. ದೇವರಿಗೆ ನೀರೆರೆದು, ಹೂವೇರಿಸಿ, ದೀಪ ಹಚ್ಚಿದರು. ಹೊರಗೆ ಹುಣಸೆಯ ಕೆಳಗೆ ಗುರುಪಾದಪ್ಪನವರು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಒಂದೂಕಾಲಕ್ಕೆ ಕಾಶೀಬಾಯಿ ಅಂಗೈಯಲ್ಲಿ ತೀರ್ಥ ತೆಗೆದುಕೊಂಡು ಬಾಯಿಗೆ ಹಾಕಿದರು. ವೆಂಕಣ್ಣ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಅದಕ್ಕೂ ಮೊದಲು, ಕಾಶೀಬಾಯಿ ಕಣ್ಣು ಮುಚ್ಚಿ ಗಂಟೆ ಬಾರಿಸುತ್ತಿದ್ದಾಗ, ಹಿಂದೆ ಖಾತುನಬಿಯ ಕೈ ಮೆಲ್ಲಗೆ ತನ್ನ ಕುಪ್ಪಸದೊಳಗೆ ಹೋಯಿತು. ಗಂಧದ ಮಣಿಗಳ ಒಂದು ಸರ ಹೊರಗೆ ಬಂತು. ವರ್ಷಗಟ್ಟಲೆ ಬೆರಳು ಓಡಾಡಿ ಮಣಿಗಳು ಕಪ್ಪಾಗಿ ಹೊಳೆಯುತ್ತಿದ್ದವು. ಮುದುಕಿ ತಂಗಿಯ ಅಂಗೈ ಬಿಡಿಸಿ, ಅದರಲ್ಲಿ ಅವ್ವನ ತಸಬಿ ಇಟ್ಟು, ಒಂದೊಂದೇ ಬೆರಳು ಮಡಚಿ ಮುಚ್ಚಿದಳು.